ಬಾಸ್ತೆತ್ ದೇವಿಯ ಎರಕ

ಕಂಚುಗಾರ ಪದಿಹೋರ್ ಕುಲುಮೆಯ ಬಾಯಿಗೆ ಅಡ್ಡಬಿದ್ದಿದ್ದ. ತಲೆಯ ಹಿಂಭಾಗ ಜಜ್ಜಿಹೋಗಿತ್ತು. ಕೆಂಡಕ್ಕೆ ಸಿಕ್ಕ ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಬೆಳಗಿನ ರೊಟ್ಟಿ ತಂದ ಹೆಂಡತಿ ತಾಬೆಕ್ ಕಿರುಚಿದ್ದು ಬುಬಾಸ್ತಿಸ್ ಪಟ್ಟಣದ ಕಾಲುವೆಯಾಚೆಗೂ ಕೇಳಿಸಿತಂತೆ. ಕಾವಲುಪಡೆಯ ನಾಯಕ ಹಾರ್ವಾ ಮತ್ತು ಅವನ ಲಿಪಿಕಾರನಾದ ನಾನು ಅಲ್ಲಿಗೆ ತಲುಪಿದಾಗ ಹೆಣ ಇನ್ನೂ ಬೆಚ್ಚಗಿತ್ತು.

ನೆಲದ ತುಂಬ ಒಡೆದ ಮಣ್ಣಿನ ಅಚ್ಚಿನ ಚೂರುಗಳು. ಅದರೊಳಗಿದ್ದ ಬೆಕ್ಕಿನ ಮುಖದ ಕಂಚಿನ ದೇವಿ ಬಾಸ್ತೆತ್ ಮಾತ್ರ — ಮಾಯ!

ವಿಗ್ರಹ ಮಾಡಿಸುತ್ತಿದ್ದ ಗುಡಿಯ ಪೂಜಾರಿ ನೆಸ್ಮಿನ್‌ನನ್ನು ಹಾರ್ವಾ ಕರೆಸಿದ.

"ನಿನ್ನೆ ಸಂಜೆ ಇವನ ಜೊತೆ ಜಗಳ ಆಡಿದ್ರಂತೆ?" ಹಾರ್ವಾ ಕೇಳಿದ.

"ಆಡಿದೆ. ವಿಗ್ರಹ ಕೊಡಯ್ಯಾ ಅಂದ್ರೆ, ಅಚ್ಚು ಆರಿಲ್ಲ, ಬೆಳಿಗ್ಗೆ ಒಡೀತೀನಿ ಅಂದ. ಬೈದು ಹೋದೆ. ಇವನನ್ನ ಕೊಂದು ನಾನೇನು ಎರಕ ಹೊಯ್ಯಲಾ?"

"ಸುಳ್ಳು!" ತಾಬೆಕ್‌ಳ ತಮ್ಮ ಇರೆತ್ ನುಗ್ಗಿ ಬಂದ. ಭಾವನ ಜೊತೆ ಕುಲುಮೆಯಲ್ಲಿ ದುಡಿಯುತ್ತಿದ್ದವನು. "ಎಡಗೈ ಇಲ್ಲದ ದೇವಿನ ನೋಡಿ ಇವನಿಗೆ ರೇಗಿದೆ. ಇವನೇ ಭಾವನ್ನ ಕೊಂದಿದ್ದು!"

ಪೂಜಾರಿಯ ಕುತ್ತಿಗೆಗೇ ಕೈಹಾಕಿದ. ನಾವು ಬಿಡಿಸುವಷ್ಟರಲ್ಲಿ ಪೂಜಾರಿಯ ತುಟಿ ಸೀಳಿ ರಕ್ತ ಸುರಿಯುತ್ತಿತ್ತು.

"ನೀನು ಇಲ್ಲಿಗೆ ಬಂದದ್ದು ಯಾವಾಗ?" ಹಾರ್ವಾ ಇರೆತ್‌ನನ್ನು ಕೇಳಿದ.

"ನಿನ್ನೆ ಮಧ್ಯಾಹ್ನ ಎರಕ ಹೊಯ್ದು ಹೋದೋನು, ಅಕ್ಕ ಕಿರುಚಿದ ಮೇಲೇ ಬಂದೆ ಒಡೆಯಾ."

ಹಾರ್ವಾ ತಾಬೆಕ್‌ಳ ಕಡೆ ತಿರುಗಿದ. "ತಾಯಿ, ಅಚ್ಚು ಕಟ್ಟೋ ಮುಂಚೆ ಮೇಣದ ಗೊಂಬೆಗೆ ಎಡಗೈ ಇತ್ತಾ?"

"ಇತ್ತು. ಅದರಲ್ಲಿ ಬುಟ್ಟಿ. ನಾನೇ ತಿದ್ದಿದ್ದು."

"ಕೇಳಿದ್ಯಾ ಇರೆತ್? ಮೇಣದಲ್ಲಿ ಕೈ ಇತ್ತು. ಮೇಣ ಕರಗಿಸಿ ಆ ಜಾಗಕ್ಕೆ ಹೊಯ್ದ ಕಂಚಲ್ಲಿ ಕೈ ಮೂಡಿಲ್ಲ ಅಂತ ತಿಳಿಯೋದು ಅಚ್ಚು ಒಡೆದ ಮೇಲೆ. ಒಡೆದದ್ದು ಇವತ್ತು ಬೆಳಿಗ್ಗೆ. ವಿಗ್ರಹ ನಾವ್ಯಾರೂ ನೋಡೇ ಇಲ್ಲ — ನೀನು ಯಾವಾಗ ನೋಡಿದೆ?"

ಇರೆತ್ ಗೋಡೆಯ ಬಳಿಯಿದ್ದ ಉಳಿ ಕಿತ್ತುಕೊಂಡು ಹಾರ್ವಾನ ಹೆಗಲಿಗೆ ಇರಿದ. ಮತ್ತೆ ಎತ್ತಿದ. ಅಷ್ಟರಲ್ಲಿ ತಾಬೆಕ್ ಕುಲುಮೆಯ ಇಕ್ಕಳವನ್ನು ಬೀಸಿ ಅವನ ಮಂಡಿಗೆ ಹೊಡೆದಳು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಬೂದಿಗುಡ್ಡೆ ಕೆದಕಿದಾಗ ದೇವಿ ಸಿಕ್ಕಳು. ಎಡಗೈ ಇರಲಿಲ್ಲ. ಪೀಠಕ್ಕೆ ರಕ್ತ, ಕೂದಲು ಮೆತ್ತಿತ್ತು.

"ಗುಡಿಯವರು ಕೊಟ್ಟ ಕಂಚಲ್ಲಿ ಸ್ವಲ್ಪ ಕದ್ದು ಮಾರಿದ್ದೆ," ಇರೆತ್ ನೆಲದ ಮೇಲೆ ನರಳಿದ. "ಎರಕ ಕೈವರೆಗೂ ತುಂಬಲಿಲ್ಲ. ಭಾವನಿಗೆ ನೋಡಿದ ಕೂಡಲೇ ಗೊತ್ತಾಯ್ತು. ಗುಡಿಗೆ ಹೇಳ್ತೀನಿ ಅಂದಿದ್ರೆ ಊರು ಬಿಟ್ಟು ಓಡಿಹೋಗ್ತಿದ್ದೆ. ಅಕ್ಕನಿಗೆ ಹೇಳ್ತೀನಿ ಅಂದ. ಅವಳ ಮುಖ ಹೇಗೆ ನೋಡಲಿ..."

ತಾಬೆಕ್ ಇಕ್ಕಳ ಕೆಳಗಿಟ್ಟಳು.

"ಹೇಳಿದ್ರೆ ಏನಾಗ್ತಿತ್ತೋ? ಎರಡು ಬಾರಿಸಿ, ಊಟಕ್ಕೆ ಬಾ ಅಂತಿದ್ದೆ."