ಎರಡು ಪುಟದ ಕಲೆ

ಆಸ್ಪತ್ರೆ ಹಿಂದಿರುಗಿಸಿದ ಪ್ರಶಂಸಾಪತ್ರವನ್ನು ದರ್ಜಿ ಹುಡುಗಿ ನನ್ನ ಮುಂದಿಟ್ಟಳು. 'ಆರ್ಟ್‌ಫುಲ್', 'ನಟೋರಿಯಸ್' ಎಂಬ ಎರಡು ಪದಗಳ ಕೆಳಗೆ ಕೆಂಪು ಗೆರೆ. ಅಂದರೆ ಕಪಟಿ, ಕುಖ್ಯಾತೆ. ಸಂಜೆಯೊಳಗೆ ಸರಿಯಾದ ಪತ್ರ ತಲುಪದಿದ್ದರೆ ಅಲ್ಲಿನ ಹೊಲಿಗೆ ಕೆಲಸ ಬೇರೆಯವರ ಪಾಲು.

ಟೈಪ್ ಮಾಡಿದವನು ನಾನು. ಕಲೆ ತುಂಬಿದವಳು, ಹೆಸರುವಾಸಿ ಎಂದೇ ಅರ್ಥಮಾಡಿಕೊಂಡಿದ್ದೆ. ಸಂಜೆ ಕಾಲೇಜಿನ ನನ್ನ ಇಂಗ್ಲಿಷಿನ ಮೇಲೆ ನನಗೇ ಹೇಸಿಗೆಯಾಯಿತು.

ಕಟ್ಟಡದಲ್ಲಿ ಏನೇ ಕೆಟ್ಟರೂ ಮೆಟ್ಟಿಲ ಕೆಳಗಿನ ಇಸ್ತ್ರಿ ಅಜ್ಜಿಯೇ ಗತಿ. ಅವಳು ಎಲ್ಲರನ್ನೂ ಕರೆಸಿದಳು. ಹೊಗಳಿಕೆಯನ್ನು ಕನ್ನಡದಲ್ಲಿ ಹೇಳಿದವನು ಹೊಲಿಗೆ ಅಂಗಡಿಯ ಬೋಳುತಲೆ ಯಜಮಾನ. ಇಂಗ್ಲಿಷಿಗೆ ಇಳಿಸಿದವನು ಹುಡುಗಿಯ ಭಾವ.

"ನಾನು ಬರೆದಿದ್ದೇ ಬೇರೆ. ಕೆಡಿಸಿದ್ದು ಈ ಟೈಪಿಸ್ಟ್ ಮಹಾಶಯ," ಎಂದ ಭಾವ, ಎಣ್ಣೆ ಸುರಿಯುವ ತಲೆ ಸವರುತ್ತ. ಕರಡನ್ನು ಅಂದೇ ಅವನು ವಾಪಸು ಒಯ್ದಿದ್ದ.

"ಆರ್ಟ್ ಅಂದ್ರೇನಪ್ಪಾ?" ಅಜ್ಜಿ ನನ್ನನ್ನು ಕೇಳಿದಳು.

"ಕಲೆ, ಅಜ್ಜಿ."

"ಕಲೆ ಅಂದ್ರೆ ನನ್ನ ಇಲಾಖೆ. ಈ ಕಟ್ಟಡದವರೆಲ್ಲ ಬಳಸೋ ಆ ನಿಘಂಟು ತಾ. ಯಾವಾಗಿಂದ ನಿನ್ನ ಹತ್ರ ಇದೆ?"

"ಪತ್ರ ಟೈಪ್ ಮಾಡೋ ಹಿಂದಿನ ದಿನದಿಂದ, ಪರೀಕ್ಷೆಗೆ ಅಂತ. ಆದ್ರೂ ಆ ಪದಗಳನ್ನ ನೋಡ್ಲಿಲ್ಲ... ಗೊತ್ತು ಅಂದ್ಕೊಂಡಿದ್ದೆ."

ಅಜ್ಜಿ ಪುಟಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ಪುಟಗಳು ಮಾತ್ರ, ಒಂದು ಮೊದಲಲ್ಲಿ, ಇನ್ನೊಂದು ಎಲ್ಲೋ ನಡುವೆ, ಎಣ್ಣೆ ಕುಡಿದು ಹೊಳೆದವು.

"ಕಲೆ ಪಕ್ಕ ಏನಿದೆ, ಓದು."

ಓದಿದೆ. ಅವೇ ಎರಡು ಪದಗಳು.

ಅಜ್ಜಿ ಭಾವನತ್ತ ತಿರುಗಿದಳು. "ಇವನು ಕೈ ತೊಳೆಯದೆ ಪುಸ್ತಕ ಮುಟ್ಟಲ್ಲ. ಯಜಮಾನರ ತಲೇಲಿ ಎಣ್ಣೆಗೆ ಜಾಗವೇ ಇಲ್ಲ. ಉಳಿದವನು ನೀನೇ. ಟೈಪ್ ಆಗೋಕೆ ಮೊದಲೇ ಈ ಪದಗಳನ್ನ ಯಾಕಯ್ಯಾ ಹುಡುಕಿದೆ?"

"ಅದು... ತಿಳೀದೆ ಬರೆದೆ."

"ಈಗ ತಾನೆ ಬೇರೆ ಬರೆದೆ ಅಂದೆ! ತಿಳೀದೆ ಬರೆದ್ರೆ ತಪ್ಪು. ಅರ್ಥ ನೋಡ್ಕೊಂಡು ಬರೆದ್ರೆ?"

ಭಾವನ ಮುಖ ಜೋತುಬಿತ್ತು. "ಇವಳು ಆ ಕೆಲಸಕ್ಕೆ ಹೋದ್ರೆ ನಮ್ಮನೆ ಪಾತ್ರೆ, ಬಟ್ಟೆ ಯಾರು ತೊಳೀತಾರೆ?"

ಇಷ್ಟಕ್ಕೇ! ಅವನ ಹೆಂಡತಿ, ಹುಡುಗಿಯ ಅಕ್ಕ, ಎದ್ದು ನಿಂತಳು.

"ಮೊದಲು ತಲೆ ತೊಳ್ಕೊಳ್ಳಿ. ಆಮೇಲೆ ಪಾತ್ರೆ."

ಯಜಮಾನ ಮತ್ತೆ ಹೇಳಿದ. ನಾನು ಒಂದೊಂದು ಪದವನ್ನೂ ನಿಘಂಟಿನಲ್ಲಿ ನೋಡಿ ಟೈಪ್ ಮಾಡಿದೆ. ಹುಡುಗಿ ಸಂಜೆಗೆ ಮುಂಚೆ ತಲುಪಿಸಿ, ಕೆಲಸ ಗಿಟ್ಟಿಸಿದಳು.

ಆ ಎರಡು ಪುಟಗಳ ಮೇಲೆ ಅಜ್ಜಿ ಕಾಗದ ಹಾಸಿ ಇಸ್ತ್ರಿ ಉಜ್ಜಿದಳು. ಕಲೆ ಹೋಗಲಿಲ್ಲ. ಇಂದಿಗೂ ಆ ಪುಟಗಳು ಬಂದರೆ ಬೆರಳ ತುದಿಯಲ್ಲಿ ತಿರುವಿ, ಕೈ ತೊಳೆಯುತ್ತೇನೆ.