ಗಂಡಸರ ಕಡೆಯ ಚಾಪೆ

ಊರೂರು ಅಲೆಯುವ ನಾನು ಕಳೆದ ಬೇಸಿಗೆಯಲ್ಲಿ ಕವಿತಾಳದ ಮೂಕಮ್ಮನವರ ಮನೆಯಲ್ಲಿ ಬಾಡಿಗೆಗಿದ್ದೆ. ಒಂದು ಮಧ್ಯಾಹ್ನ ಅವರಿಗಾಗಿ ಫೋನಿನಲ್ಲಿ ಹಳೆಯ ಕಪ್ಪುಬಿಳುಪು ದೆವ್ವದ ಸಿನಿಮಾ ಹಚ್ಚಿದಾಗ, ಅವರು ನಮ್ಮಿಬ್ಬರ ನಡುವೆ ಸೀರೆಯೊಂದನ್ನು ಅಡ್ಡ ಕಟ್ಟಿದರು.

“ಟೆಂಟ್ ಟಾಕೀಸಿನ್ಯಾಗ ಗಂಡಸರು ಆ ಕಡಿ, ಹೆಂಗಸರು ಈ ಕಡಿ. ದೆವ್ವ ಬಂದ ಕೂಡ್ಲೇ ನಮ್ಮನಿಯವ್ರು ಪರದೆ ಕೆಳಗಿಂದ ನನ್ನ ಕೈ ಹಿಡೀತಿದ್ರು. ಈಗಿನ ಬಣ್ಣದ ದೆವ್ವಕ್ಕ ನನಗ ಅಂಜಿಕೀನ ಬರಂಗಿಲ್ಲ ಯಪ್ಪಾ. ನಾ ಅಂಜಲಿಲ್ಲಂದ್ರ ಅವರರ ಯಾಕ ಕೈ ಹಿಡೀತಾರ?”

ಅವರ ಪತಿ ತಾಯಣ್ಣ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಇಬ್ಬರಿಗೂ ಕಾಣಲೆಂದು ನಾನು ಎರಡೂ ಕೈಗಳಿಂದ ಫೋನನ್ನು ಮುಂದೆ ಚಾಚಿ ಹಿಡಿದೆ.

ಬಾವಿಯೊಳಗಿಂದ ಬಿಳಿಯ ಆಕೃತಿಯೊಂದು ಮೇಲೆದ್ದಿತು. ಮೂಕಮ್ಮ ಚೀರಿದರು, ಮರುಕ್ಷಣ ಹುಡುಗಿಯಂತೆ ನಕ್ಕರು. ಆ ಸುಡುಬಿಸಿಲಿನಲ್ಲೂ ನನ್ನ ಪಕ್ಕದ ಚಾಪೆ ತಣ್ಣಗಾಯಿತು. ಬೀಡಿಯ ವಾಸನೆ ಬಂತು. ನಾನು ಬೀಡಿ ಸೇದುವವನಲ್ಲ.

ಸಿನಿಮಾ ಮುಗಿಯಿತು. ಅಡ್ಡ ಕಟ್ಟಿದ್ದ ಸೀರೆಯನ್ನು ಬಿಚ್ಚಲೆಂದು ಏಳಹೊರಟೆ.

“ತಡೀ ಯಪ್ಪಾ,” ಎಂದರು ಮೆಲ್ಲಗೆ, “ಇನ್ನೂ ಕೈ ಬಿಟ್ಟಿಲ್ಲ.”

ಫೋನು ನನ್ನ ಎರಡೂ ಕೈಗಳಲ್ಲೇ ಇತ್ತು. ಸೀರೆಯ ಕೆಳಗಿಂದ ನನ್ನ ಕಡೆಗೆ ಚಾಚಿದ್ದ ಅವರ ಬೆರಳುಗಳು, ಯಾರೋ ಬಿಗಿಯಾಗಿ ಒತ್ತಿ ಹಿಡಿದಂತೆ ಬೆಳ್ಳಗಾಗಿದ್ದವು.