ಬಿಳಿ ಗೆರೆಯಾಚೆಯ ಫ್ಯಾನು

“ಆ ಕಡೆಯಿಂದ ಒಂದು ಸ್ಕ್ರೂ ಕೂಡ ಈ ಕಡೆಗೆ ತರಬೇಡಮ್ಮ,” ಎಂದ ಅಟೆಂಡರ್. “ಬೇಕಾದ್ರೆ ನನ್ನ ಕನ್ನಡಕ ಬಿಚ್ಚಿ ಅದರದ್ದು ತಗೋ. ಅಲ್ಲಿಂದ ಮಾತ್ರ ಬೇಡ.”

“ಯಾಕಣ್ಣಾ, ಅಲ್ಲೇನು ದೆವ್ವ ಕೂತು ಟೈಪ್ ಮಾಡ್ತಿದೆಯಾ?”

“ದೆವ್ವ ಆಗಿದ್ರೆ ನಾನು ಹೆದರ್ತಿರಲಿಲ್ಲ. ಅದು ಮೇಷ್ಟ್ರು ಹಾಕಿಸಿದ ಕಟ್ಟು.”

ಅವಳು ನಕ್ಕುಬಿಟ್ಟಳು. ಮನೆಯವರು ಅವಳಿಗೆ ಇಟ್ಟಿದ್ದ ಅಡ್ಡಹೆಸರು ಇಕ್ಕಳ. ಹಿಡಿದದ್ದನ್ನು ಬಿಡುವ ಜಾಯಮಾನದವಳೇ ಅಲ್ಲ. ವಿಶ್ವವಿದ್ಯಾಲಯದ ಕಂಪ್ಯೂಟರ್ ಸಂಘಕ್ಕೆ ಸೇರಿ ಮೂರು ವಾರವಾಗಿತ್ತಷ್ಟೆ, ಆಗಲೇ ಸಂಘದ ಬೀಗದ ಕೈಗಳೆಲ್ಲ ಅವಳ ಜೇಬಿಗೆ ಬಂದಿದ್ದವು.

ಸಂಘದ ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿಯಿಲ್ಲದ ಉದ್ದನೆಯ ಕೋಣೆ. ನಡುವೆ ನೆಲದ ಮೇಲೆ ಬಿಳಿ ಬಣ್ಣದ ಒಂದು ಗೆರೆ. ಈಚೆ ಬದಿಗೆ ಹಗಲೂ ರಾತ್ರಿ ಗುಂಯ್‌ಗುಡುವ ಏಳು ಯಂತ್ರಗಳು. ಆಚೆ ಬದಿಗೆ ಕೆಲಸದಿಂದ ನಿವೃತ್ತಿಯಾದ ಹನ್ನೆರಡು ಯಂತ್ರಗಳು ಸಾಲಾಗಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದವು. ಒಂದೊಂದಕ್ಕೂ ಎಷ್ಟು ವರ್ಷ ದುಡಿಯಿತು ಎಂದು ಬರೆದ ಚೀಟಿ. ಒಂದೊಂದರ ಮೈಗೂ ಏಳು ಸುತ್ತು ತಾಮ್ರದ ತಂತಿ, ಗಂಟಿನ ಮೇಲೆ ಕಪ್ಪು ಮೇಣ, ಮೇಣದೊಳಗೆ ಹೂತ ನರೆಗೂದಲು. ಗೆರೆ ದಾಟಿದರೆ ಗಾಳಿಯ ವಾಸನೆಯೇ ಬೇರೆ. ಧೂಳು, ಹಳೆಯ ರಬ್ಬರು, ಅದರ ಕೆಳಗೆಲ್ಲೋ ಕೂದಲು ಸುಟ್ಟ ಕಮಟು.

ಸಂಘವನ್ನು ಕಟ್ಟಿದವರು ಆ ಮೇಷ್ಟ್ರು. ಯಂತ್ರವೊಂದು ನಿವೃತ್ತಿಯಾದದ್ದೇ ತಡ, ಹುಡುಗರು ಮುತ್ತಿಕೊಂಡು ಅದರ ಒಳಗಿದ್ದದ್ದನ್ನೆಲ್ಲ ಕಿತ್ತು ಬರೀ ಡಬ್ಬ ಉಳಿಸುತ್ತಿದ್ದರಂತೆ. ಮೇಷ್ಟ್ರಿಗೆ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಒಂದು ರಜೆಯಲ್ಲಿ ಮಾಟ ಬಲ್ಲ ಯಾರನ್ನೋ ಕರೆತಂದು ಮೂರು ದಿನ ಒಳಗಿನಿಂದ ಬಾಗಿಲು ಹಾಕಿಕೊಂಡರು. ನಾಲ್ಕನೆಯ ದಿನ ಹೊರಬಂದಾಗ ಅವರ ತಲೆ ಬೋಳಾಗಿತ್ತು. ‘ಇವು ಸತ್ತಿಲ್ಲ, ಮಲಗಿವೆ. ಇವುಗಳ ಮೈಯಿಂದ ಯಾರಿಗೋಸ್ಕರ ಏನು ಕೀಳ್ತೀರೋ, ಅವರ ಮೈಯಿಂದ ಇವೂ ಕೀಳ್ತವೆ’ ಎಂದಷ್ಟೇ ಹೇಳಿ ಹೋದರಂತೆ.

“ಒಳ್ಳೆ ಕತೆ,” ಎಂದಳು ಇಕ್ಕಳ. “ಸಂಘದ ಪತ್ರಿಕೆಗೆ ಬರ್ಕೊಡಿ.”

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಏಳನೆಯ ಯಂತ್ರದ ಫ್ಯಾನು ಕಿರ್ರೆಂದು ಅರಚಿ ನಿಂತುಹೋಯಿತು.

ಅದರ ಮುಂದೆ ಕೂತಿದ್ದವಳು ಇಕ್ಕಳಳ ಅಕ್ಕ. ನದಿ ಉಕ್ಕಿದರೆ ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ನುಗ್ಗುತ್ತದೆ ಎಂಬ ಲೆಕ್ಕ ಅವಳದು. ಆ ಯಂತ್ರ ಹನ್ನೊಂದು ದಿನದಿಂದ ಬಿಡುವಿಲ್ಲದೆ ಅದನ್ನೇ ಮಾಡುತ್ತಿತ್ತು. ನಾಳೆ ಬೆಳಗ್ಗೆ ಉತ್ತರ ಒಪ್ಪಿಸಬೇಕು. ಫ್ಯಾನಿಲ್ಲದಿದ್ದರೆ ಕಾಲು ಗಂಟೆಯಲ್ಲಿ ಯಂತ್ರ ಕಾದು ತಾನಾಗಿಯೇ ಆರಿಹೋಗುತ್ತದೆ.

“ಮುಗೀತು ಕಣೇ,” ಎಂದಳು ಅಕ್ಕ. ಅವಳ ಮುಖ ಬಿಳಿಚಿಕೊಂಡಿತ್ತು.

“ಏನೂ ಮುಗಿದಿಲ್ಲ. ನೀನು ಕೂತಿರು.”

ಅದೇ ಅಳತೆಯ ಫ್ಯಾನು ಗೆರೆಯಾಚೆಯ ಮೂರನೆಯ ಯಂತ್ರದ ಬೆನ್ನಿಗಿತ್ತು, ತಾಮ್ರದ ಸುತ್ತಿನಿಂದ ಹೊರಗೆ. ನಾಲ್ಕೇ ಸ್ಕ್ರೂ. ಕೊನೆಯದು ಬಿಚ್ಚುವಾಗ ಡಬ್ಬದೊಳಗಿನಿಂದ ಬೆಚ್ಚನೆಯ ಗಾಳಿ ಬಂದು ಅವಳ ಮಣಿಕಟ್ಟಿಗೆ ತಾಗಿತು. ಎಷ್ಟೋ ವರ್ಷದಿಂದ ಕರೆಂಟೇ ಕಾಣದ ಯಂತ್ರ. ಇಕ್ಕಳ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಫ್ಯಾನು ತಂದು ಕೂರಿಸಿದಳು. ಅದು ತಿರುಗಿತು. ಅಕ್ಕ ನಿರಾಳವಾಗಿ ಉಸಿರುಬಿಟ್ಟಳು.

ಆಮೇಲೆ ಕೆಮ್ಮು ಶುರುವಾಯಿತು. ಮೊದಲು ಧೂಳೆಂದುಕೊಂಡರು. ಕೆಮ್ಮು ನಿಂತಿತು, ಆದರೆ ಅಕ್ಕನ ಉಸಿರಿನ ಸದ್ದು ಬದಲಾಗಿತ್ತು. ಫ್ಯಾನು ಜೋರಾದಾಗ ಅವಳು ಏದುಸಿರು ಬಿಡುತ್ತಿದ್ದಳು. ಫ್ಯಾನು ನಿಧಾನವಾದರೆ ಅವಳ ಎದೆಯೂ ನಿಧಾನ. ಫ್ಯಾನು ಎಲ್ಲೋ ಗರಗರ ಎನ್ನುತ್ತಿದೆಯಲ್ಲ ಎಂದು ಇಕ್ಕಳ ಬೆರಳ ತುದಿಯಿಂದ ಅದರ ನಡುವನ್ನು ಒತ್ತಿ ಹಿಡಿದಳು. ಹಿಂದೆ ಕುರ್ಚಿ ಉರುಳಿದ ಸದ್ದಾಯಿತು.

ಅಕ್ಕ ನೆಲದ ಮೇಲಿದ್ದಳು. ಎರಡೂ ಕೈ ಕತ್ತಿನ ಮೇಲೆ. ಬಾಯಿ ತೆರೆದಿದೆ, ಗಾಳಿ ಒಳಗೆ ಹೋಗುತ್ತಿಲ್ಲ. ತುಟಿ ನೀಲಿಗಟ್ಟುತ್ತಿದೆ.

ಇಕ್ಕಳ ಬೆರಳು ತೆಗೆದಳು. ಫ್ಯಾನು ತಿರುಗಿತು. ಅಕ್ಕನ ಎದೆ ಮೇಲೆದ್ದಿತು.

ಹುಟ್ಟಿದಾಗಿನಿಂದ ಇಕ್ಕಳ ಅಷ್ಟು ಹೆದರಿರಲಿಲ್ಲ. ಅಷ್ಟರಲ್ಲಿ ದೀಪಗಳು ಆರಿದವು.

ಕರೆಂಟು ಹೋಗಿತ್ತು. ಆರು ಯಂತ್ರಗಳು ಒಂದೊಂದಾಗಿ ಸುಮ್ಮನಾದವು. ಬ್ಯಾಟರಿ ಇದ್ದದ್ದು ಏಳನೆಯದಕ್ಕೆ ಮಾತ್ರ. ಕಗ್ಗತ್ತಲಲ್ಲಿ ಬ್ಯಾಟರಿ ಡಬ್ಬ ಪೀಂ ಎನ್ನತೊಡಗಿತು. ಅದರ ಮೇಲಿನ ಕೆಂಪು ಅಂಕಿ ಹನ್ನೆರಡು ನಿಮಿಷ ಎಂದಿತು. ಗೆರೆಯಾಚೆಯಿಂದ ಕೂದಲು ಸುಟ್ಟ ವಾಸನೆ ದಟ್ಟವಾಗಿ ಬಂತು.

ಟಾರ್ಚು ಹಿಡಿದು ಬಂದ ಅಟೆಂಡರ್ ಮೊದಲು ಅಕ್ಕನನ್ನು ನೋಡಿದ, ಆಮೇಲೆ ಫ್ಯಾನನ್ನು. ಬೈಯಲಿಲ್ಲ. ಅಲ್ಲೇ ಕುಸಿದು ಕೂತ.

“ಅಣ್ಣಾ, ಹೊರಗೆ ಎತ್ಕೊಂಡು ಹೋಗೋಣ, ಕೈ ಹಾಕಿ!”

“ದೂರ ಹೋದ್ರೂ ಬಿಡಲ್ಲಮ್ಮ. ನನ್ನ ಮಗಳು ಆವತ್ತು ಮನೇಲಿದ್ಲು.”

“ಯಾವತ್ತು?”

ಅವನು ತಲೆ ತಗ್ಗಿಸಿ ಹೇಳಿದ. ಹತ್ತೊಂಬತ್ತು ವರ್ಷದ ಹಿಂದೆ, ಆರು ವರ್ಷದ ಮಗಳ ಆಟದ ಪಿಯಾನೊ ಕೆಟ್ಟಿತ್ತು. ಅದಕ್ಕೆಂದು ಆಚೆ ಸಾಲಿನ ಯಂತ್ರವೊಂದರಿಂದ ಅಂಗೈಯಗಲದ ಸ್ಪೀಕರ್ ಕಿತ್ತುಕೊಂಡು ಹೋಗಿದ್ದ. ಆ ಸಂಜೆಯಿಂದ ಮಗಳ ದನಿಯೇ ಹೋಯಿತು.

“ಮಾರನೇ ದಿನಾನೇ ಸ್ಪೀಕರ್ ವಾಪಸ್ ಅದರ ಜಾಗದಲ್ಲೇ ಇಟ್ಟೆ. ಮೇಷ್ಟ್ರ ಕಾಲಿಗೂ ಬಿದ್ದೆ. ದನಿ ಬರ್ಲಿಲ್ಲ.”

ಕೆಂಪು ಅಂಕಿ ಒಂಬತ್ತಾಯಿತು. ಇಕ್ಕಳಳ ಹೆದರಿಕೆಯ ಅಡಿಯಿಂದ ಸಿಟ್ಟು ಬುಸುಗುಟ್ಟಿ ಎದ್ದಿತು. ಡಬ್ಬಗಳ ಮೇಲಿನ ಮಮತೆಗೆ ಆರು ವರ್ಷದ ಮಗುವಿನ ಗಂಟಲು ಕಿತ್ತ ಮೇಷ್ಟ್ರ ಮೇಲೆ, ತನ್ನ ಅಕ್ಕನ ಉಸಿರಿಗೆ ಕೈ ಹಾಕಿದ ಈ ತಾಮ್ರದ ಮೇಲೆ.

“ವಾಪಸ್ ಇಟ್ಟರೆ ಏನು ಬಂತು? ಯಂತ್ರ ಮಲಗೇ ಇತ್ತಲ್ಲ,” ಎಂದಳು. “ಅದರ ಸ್ಪೀಕರ್ ಅದಕ್ಕೆ ಕೆಲಸಕ್ಕೇ ಬರ್ಲಿಲ್ಲ. ಎಬ್ಬಿಸಿ ದುಡಿಯೋಕೆ ಹಚ್ಚಿದರೆ ತಾನೇ ಕಿತ್ತದ್ದು ವಾಪಸ್ ಬಂದ ಹಾಗೆ?”

“ಎಬ್ಬಿಸಬೇಕಾದ್ರೆ ತಾಮ್ರ ಕಡೀಬೇಕು. ಕಡಿದೋರ ಕೈ ಮತ್ತೆ ಏಳಲ್ಲ ಅಂತ ಮೇಷ್ಟ್ರು ನನಗೊಬ್ಬನಿಗೇ ಹೇಳಿದ್ರು. ಅದಕ್ಕೇ ನಾನು ಹೆದರಿ ಕೈ ಹಾಕ್ಲಿಲ್ಲ.”

“ಟಾರ್ಚ್ ಸರಿಯಾಗಿ ಹಿಡೀರಿ.”

ಇಬ್ಬರೂ ಸೇರಿ ಮೂರನೆಯ ಯಂತ್ರವನ್ನು ನೆಲದ ಮೇಲೆ ಎಳೆದು ತಂದರು. ಗೆರೆಯ ಹತ್ತಿರ ಅದು ಭಾರವಾಯಿತು. ಇನ್ನೂ ಭಾರವಾಯಿತು. ಇಕ್ಕಳ ಭುಜ ಕೊಟ್ಟು ನೂಕಿದಳು. ಆಚೆ ಉಳಿದ ಹನ್ನೊಂದು ಡಬ್ಬಗಳಲ್ಲಿ ಏನೋ ಕೆರೆಯುವ ಸದ್ದು. ಏಳು ನಿಮಿಷ. ಅಕ್ಕನ ಉಸಿರು ಸೀಟಿಯಂತೆ ಸಣ್ಣಗಾಗಿತ್ತು.

“ಬೇಡ ಕಣೇ,” ಎಂದಳು ಅಕ್ಕ ನೆಲದಿಂದಲೇ. “ನಿನ್ನ ಕೈ...”

“ಬಾಯಿ ಮುಚ್ಚಿಕೊಂಡು ಉಸಿರಾಡು.”

ತಂತಿ ಕತ್ತರಿಯಿಂದ ಒಂದು ಸುತ್ತು ಕಡಿದಳು. ಕಿರುಬೆರಳು ಜೋಮು ಹಿಡಿಯಿತು. ಎರಡು. ಮೂರು. ಕತ್ತರಿಯ ಹಿಡಿ ಮಂಜುಗಡ್ಡೆಯಾಯಿತು. ನಾಲ್ಕು. ಬೋಳುತಲೆಯ ಯಾರೋ ಬೆನ್ನ ಹಿಂದೆ ನಿಂತಂತೆ ಕತ್ತಿಗೆ ತಣ್ಣನೆಯ ಗಾಳಿ. “ನಿಂತ್ಕೊಂಡು ನೋಡ್ತಿರಿ ಮೇಷ್ಟ್ರೇ!” ಎಂದು ತಿರುಗಿಯೂ ನೋಡದೆ ಕೂಗಿದಳು. “ನಿಮ್ಮ ಯಂತ್ರ ಕದಿಯೋಕಲ್ಲ, ನಡೆಸೋಕೆ ಬಂದಿದೀನಿ!” ಐದು. ಆರು. ಏಳು. ಮೇಣ ಒಡೆಯಿತು. ನರೆಗೂದಲು ಚುರ್ರೆಂದು ಸುಟ್ಟುಹೋಯಿತು.

ನಾಲ್ಕು ನಿಮಿಷ. ಹಳೆಯ ಯಂತ್ರವನ್ನು ಅದೇ ಬ್ಯಾಟರಿಗೆ ಚುಚ್ಚಿದ್ದೇ ತಡ, ಅಂಕಿ ಎರಡಕ್ಕೆ ಬಿತ್ತು. ಫ್ಯಾನು ನಿಲ್ಲಬಾರದು. ತಿರುಗುತ್ತಿರುವಾಗಲೇ ಅದರ ತಂತಿಯ ಸಿಪ್ಪೆಯನ್ನು ಹಲ್ಲಿನಲ್ಲಿ ಕಚ್ಚಿ ಸುಲಿದಳು. ಹಳೆಯ ಯಂತ್ರದ ತಂತಿ ತಂದು ಅದಕ್ಕೆ ಹೊಸೆದಳು. ಬಲಗೈ ಮೊಣಕೈವರೆಗೆ ಇಲ್ಲವೇ ಇಲ್ಲವೆಂಬಂತೆ ಮರಗಟ್ಟಿತ್ತು. ಎಡಗೈಯಿಂದ ಹೊಸೆದಳು. ಹಳೆಯ ಯಂತ್ರದ ಗುಂಡಿಯನ್ನು ಹಣೆಯಿಂದ ಒತ್ತಿದಳು.

ಏನೂ ಇಲ್ಲ. ಕತ್ತಲು. ಪೀಂ. ಪೀಂ.

ಆಮೇಲೆ ಡಬ್ಬದೊಳಗೆ ಟಕ್ ಎಂದಿತು. ಹಸಿರು ದೀಪ ಹೊತ್ತಿತು. ಇಕ್ಕಳ ಏಳನೆಯ ಯಂತ್ರದಿಂದ ಫ್ಯಾನಿಗೆ ಬರುತ್ತಿದ್ದ ತಂತಿಯನ್ನು ಕಡಿದಳು. ಫ್ಯಾನು ತಡವರಿಸಿತು. ಅಕ್ಕನ ಉಸಿರು ನಿಂತಿತು.

ಫ್ಯಾನು ತಿರುಗಿತು.

ಬ್ಯಾಟರಿ ಮುಗಿಯಿತು. ಎರಡೂ ಯಂತ್ರಗಳು ಒಟ್ಟಿಗೆ ಆರಿದವು, ಫ್ಯಾನು ಸುಯ್‌ ಎಂದು ನಿಂತೇಬಿಟ್ಟಿತು. ಆ ಮೌನದಲ್ಲಿ ಅಕ್ಕ ಉಸಿರಾಡುತ್ತಿದ್ದಳು, ತನ್ನ ಪಾಡಿಗೆ ತಾನು, ಬಿಕ್ಕಿಬಿಕ್ಕಿ ಅಳುತ್ತ. ಕೂದಲು ಸುಟ್ಟ ವಾಸನೆ ಇರಲಿಲ್ಲ.

ಕರೆಂಟು ಬಂದಾಗ ಐದೂವರೆ. ಹನ್ನೊಂದು ದಿನದ ಲೆಕ್ಕ ಅಳಿಸಿಹೋಗಿತ್ತು. ಇಕ್ಕಳಳ ಬಲಗೈ ಭುಜದಿಂದ ಸುಮ್ಮನೆ ಜೋತುಬಿದ್ದಿತ್ತು. ಚಿವುಟಿದರೂ ತಿಳಿಯುತ್ತಿರಲಿಲ್ಲ. ಅಕ್ಕ ಅದನ್ನು ಎದೆಗೆ ಅವಚಿಕೊಂಡು ಉಜ್ಜಿದಳು, ಉಜ್ಜುತ್ತಲೇ ಇದ್ದಳು.

“ಬಿಡೇ, ಇನ್ನೊಂದಿದೆ,” ಎಂದಳು ಇಕ್ಕಳ. ಎಡಗೈಯಲ್ಲಿ ತಂತಿ ಕತ್ತರಿ ಹಿಡಿದು ಗೆರೆ ದಾಟಿದಳು. “ಅಣ್ಣಾ, ನಿಮ್ಮ ಸ್ಪೀಕರ್ ಇರೋದು ಯಾವುದರಲ್ಲಿ?”

ಅಟೆಂಡರ್ ಎದ್ದು ಬಂದು ಅವಳ ಕೈಯಿಂದ ಕತ್ತರಿ ಕಿತ್ತುಕೊಂಡ.

“ಕಿತ್ತೋನು ನಾನು. ಹೋಗೋದಾದ್ರೆ ನನ್ನ ಕೈ ಹೋಗ್ಲಿ.”

ಮಗಳಿಗೆ ಫೋನು ಮಾಡಿ, ಅದನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ. “ಮಗಾ, ಅಪ್ಪ. ಫೋನ್ ಇಡಬೇಡ, ಹಾಗೇ ಕೇಳ್ತಿರು.” ಆ ಕಡೆಯಿಂದ ಉಗುರಿನಿಂದ ಒಂದು ಸಲ ಕುಟ್ಟಿದ ಸದ್ದು ಬಂತು. ಹೂಂ ಎನ್ನುವುದಕ್ಕೆ ಅವರ ಮನೆಯಲ್ಲಿ ಹಾಗೆ.

ಏಳು ಸುತ್ತನ್ನೂ ಅವನು ಒಂದೇ ಉಸಿರಿಗೆ ಕಡಿದ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಕ್ಕ ಪ್ಲಗ್ ಸಿಕ್ಕಿಸಿದಳು. ಇಕ್ಕಳ ಗುಂಡಿ ಒತ್ತಿದಳು. ಯಂತ್ರದೊಳಗಿನ ಸ್ಪೀಕರ್ ಒಮ್ಮೆ ಕೀಂ ಎಂದಿತು. ಅವನ ಕೈಯಿಂದ ಕತ್ತರಿ ಜಾರಿ ನೆಲಕ್ಕೆ ಬಿತ್ತು.

ಫೋನಿನಲ್ಲಿ ಮೊದಲು ಗೊರಗೊರ ಸದ್ದು. ಆಮೇಲೆ, ಆರು ವರ್ಷದ ಮಗುವಿನದಲ್ಲ, ಬೆಳೆದ ಹೆಣ್ಣಿನ ಒಡಕು ದನಿ.

“ಅಪ್ಪಾ, ಯಾಕೆ ಅಳ್ತಿದೀಯ?”

ಅವನು ಫೋನಿನ ಬೆನ್ನನ್ನು ಎಡಗೈಯ ಉಗುರಿನಿಂದ ಕುಟ್ಟಿದ, ಮತ್ತೆ ಮತ್ತೆ ಕುಟ್ಟಿದ.